ರೀಲರ್‌ಗಳ ಊರಲ್ಲಿ ನಾನಿಯ ‘ಕತೆ’

ನಮ್ಮ ಶಿಡ್ಲಘಟ್ಟದಲ್ಲಿ ರೀಲ್ ಅನ್ನುವ ಮಾತಿಗೆ ಮೊದಲಿನಿಂದಲೂ ಎರಡು ಅರ್ಥ. ಒಂದು, ರೇಷ್ಮೆ ನೂಲು ಬಿಚ್ಚುವುದು. ಗೂಡಿನ ಮಾರ್ಕೆಟ್ಟಿಗೆ ಬೆಳಿಗ್ಗೆ ಬೆಳಿಗ್ಗೆ ಓಡುವವರು, ಮನೆ ಹಿಂದೆ ಚರಕ ಇಟ್ಟುಕೊಂಡವರು, ಎಲ್ಲರೂ ರೀಲರ್‌ಗಳೇ. ಅವರಲ್ಲಿ ಜಾಸ್ತಿ ಜನ ನಮ್ಮವರು, ಅಂದರೆ ಸಾಬರು. ಎರಡನೇ ಅರ್ಥ ನಿಮಗೂ ಗೊತ್ತು. ‘ಸಾಕು, ರೀಲ್ ಬಿಡಬೇಡ’ ಅನ್ನುತ್ತೀವಲ್ಲ, ಅದು. ಮೂರನೆಯದು 2020ರಲ್ಲಿ ಬಂತು. ಆ ವರ್ಷ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಶುರುವಾಯಿತು. ಈಗ ಊರಿನಲ್ಲಿ ಯಾರಾದರೂ ‘ಹುಡುಗ ರೀಲ್ಸ್‌ನಲ್ಲಿ ಕೂತಿದ್ದಾನೆ’ ಅಂದರೆ, ಯಾವ ರೀಲು ಅಂತ ಕೇಳಬೇಕು.

ನನ್ನ ಅಣ್ಣನ ಮಗ ಎರಡರಲ್ಲೂ ಒಟ್ಟಿಗೇ ಕೂರುತ್ತಾನೆ. ಡಿಗ್ರಿ ಎರಡನೇ ವರ್ಷ. ಕಾಲೇಜಿಗೆ ಹೋಗುವ ಮುಂಚೆ ಎರಡು ಗಂಟೆ ಶೆಡ್ಡಿನಲ್ಲಿ ಅಪ್ಪನಿಗೆ ಕೈ ಜೋಡಿಸುತ್ತಾನೆ. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಸತ್ತ ಹುಳುವಿನ ವಾಸನೆ. ಹೊಸಬರಿಗೆ ಹೊಟ್ಟೆ ತೊಳಸುತ್ತದೆ, ನಮಗೆ ಅದೇ ಮನೆ ವಾಸನೆ. ಬೆಂದ ಗೂಡಿನಲ್ಲಿ ಎಳೆಯ ತುದಿ ಹುಡುಕಿ ತೆಗೆದು, ಹಲವು ಗೂಡಿನ ಎಳೆ ಸೇರಿಸಿ ಒಂದು ದಾರ ಮಾಡಿ ಮೇಲಕ್ಕೆ ಬಿಡಬೇಕು. ಒಳ್ಳೆಯ ಗೂಡಾದರೆ ಒಂದರಲ್ಲೇ ಸಾವಿರ ಮೀಟರ್ ಎಳೆ ಇರುತ್ತದೆ. ಎಳೆ ತುಂಡಾದರೆ ಮತ್ತೆ ತುದಿ ಹುಡುಕಬೇಕು. ಆದ್ದರಿಂದ ಕಣ್ಣು ನೀರಿನ ಮೇಲಿರಬೇಕು. ಕಿವಿ ಮಾತ್ರ ಖಾಲಿ.

ಆ ಖಾಲಿ ಕಿವಿಗೆ ಅವನು ಫೋನ್ ಕೊಟ್ಟಿದ್ದಾನೆ. ನೀರು ಸಿಡಿಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೋಡೆಯ ಮೊಳೆಗೆ ನೇತುಹಾಕಿರುತ್ತಾನೆ. ಕೈ ಒದ್ದೆ, ಬೆರಳು ಸುಕ್ಕುಗಟ್ಟಿರುತ್ತದೆ, ಟಚ್ ಕೆಲಸ ಮಾಡುವುದಿಲ್ಲ. ಅದಕ್ಕೇ ಒಂದು ವಿಡಿಯೋ ಬೇಜಾರಾದರೆ ಮುಂದಕ್ಕೆ ಬಾಗಿ ಮೂಗಿನ ತುದಿಯಿಂದ ಮೇಲಕ್ಕೆ ತಳ್ಳುತ್ತಾನೆ. ಮೊದಲ ಸಲ ನೋಡಿದಾಗ ಸಜ್ದಾ, ಅಂದರೆ ನಮಾಜಿನಲ್ಲಿ ಬಾಗಿ ಹಣೆ ಮೂಗು ನೆಲಕ್ಕೆ ಮುಟ್ಟಿಸುವುದು, ಅದನ್ನು ಮಾಡುತ್ತಿದ್ದಾನೇನೋ ಅಂದುಕೊಂಡೆ.

ಹತ್ತು ನಿಮಿಷ ಅಲ್ಲೇ ನಿಂತು ಕೇಳಿದೆ. ಪಾಕಿಸ್ತಾನದ ಒಬ್ಬ ಮೌಲಾನಾ ಗೋರಿಯ ಮೊದಲ ರಾತ್ರಿಯ ಬಗ್ಗೆ ಅಳುತ್ತಾ ಹೇಳಿದರು. ಮೂಗು. ಜಿಂಬಾಬ್ವೆಯ ಮುಫ್ತಿ ಮೆಂಕ್ ತಾಯಿಯ ಬಗ್ಗೆ ಇಂಗ್ಲಿಷಿನಲ್ಲಿ ನಗುನಗುತ್ತಾ ಎರಡು ಮಾತು. ಮೂಗು. ಒಂದು ಕ್ರಿಕೆಟ್ ಸಿಕ್ಸರ್. ಮೂಗು. ಲಂಡನ್ ಇಂಗ್ಲಿಷಿನ ಗಡ್ಡದ ಹುಡುಗನೊಬ್ಬ ‘ಬ್ರದರ್’ ಅಂತ ಶುರು ಮಾಡಿ ಸಂಗೀತ ಹರಾಂ ಅಂತ ಮುಗಿಸಿದ. ಮೂಗು. ಬಿರಿಯಾನಿ ಹೋಟೆಲಿನ ಜಾಹೀರಾತು, ಜೊತೆಗೆ ಜೋರು ಸಂಗೀತ. ಇದನ್ನು ಪೂರ್ತಿ ನೋಡಿದ.

ಚಹಾ ಕೊಟ್ಟೆ. ‘ಜಝಾಕಲ್ಲಾಹು ಖೈರನ್, ಫುಪ್ಪು’ ಅಂದ. ಅಲ್ಲಾಹ್ ನಿಮಗೆ ಒಳ್ಳೆಯದು ಮಾಡಲಿ, ಅತ್ತೆ ಅಂತ. ನಮ್ಮ ಮನೆಯಲ್ಲಿ ಚಹಾ ಕೊಟ್ಟರೆ ಯಾರೂ ಏನೂ ಹೇಳಿದ್ದಿಲ್ಲ. ಕುಡಿದು ಲೋಟ ಇಡುತ್ತಿದ್ದರು, ಅಷ್ಟೆ. ಅವನ ಮಾತು ಚೆಂದವೇ ಇತ್ತು. ಆದರೂ ಯಾಕೋ ಬೇರೆಯವರ ಮನೆಗೆ ಚಹಾ ತೆಗೆದುಕೊಂಡು ಹೋದ ಹಾಗನ್ನಿಸಿತು.

ನಾನು ಕನ್ನಡ ಟೀಚರ್. ಚಿಂತಾಮಣಿ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ವಾರಕ್ಕೋ ಹದಿನೈದು ದಿನಕ್ಕೋ ತವರಿಗೆ ಬರುತ್ತೇನೆ. ಮಾತಿನ ಕಡೆ ಕಿವಿ ಹೋಗುವುದು ಕೆಲಸದಿಂದ ಬಂದ ಚಟ. ಆ ಚಟದಿಂದಲೇ ಇದನ್ನು ಬರೆಯಲು ಕೂತಿದ್ದು.

ನಮ್ಮ ಮನೆ ಮಾತು ದಖ್ಖನಿ. ಉರ್ದು ಅಂತ ಜನಗಣತಿಯವರಿಗೆ ಬರೆಸುತ್ತೇವೆ, ಆದರೆ ಲಖನೌದವರು ಕೇಳಿದರೆ ನಗುತ್ತಾರೆ. ಹಿಂದಿ ಸಿನಿಮಾದಲ್ಲಿ ನಮ್ಮ ಭಾಷೆ ಬರುವುದೇ ನಗಿಸುವುದಕ್ಕೆ. ಬೇಡ ಅನ್ನುವುದಕ್ಕೆ ನಾವು ‘ನಕ್ಕೊ’ ಅನ್ನುತ್ತೇವೆ, ಯಾಕೆ ಅನ್ನುವುದಕ್ಕೆ ‘ಕೈಕು’, ಹೌದು ಅನ್ನುವುದಕ್ಕೆ ‘ಹೌ’. ಈ ‘ಹೌ’ ಎಲ್ಲಿಯದು ಅಂತ ಕನ್ನಡದವರಿಗೆ ಹೇಳಬೇಕಾಗಿಲ್ಲ. ಪದಗಳು ಆ ಕಡೆಯವು, ವಾಕ್ಯದ ಮೂಳೆ ಈ ಕಡೆಯದು. ‘ಬರ್ತೀನಿ ಅಂತ ಹೇಳಿದ’ ಅನ್ನುವುದನ್ನು ನಾವು ‘ಆತೂಂ ಬೋಲ್ಕೆ ಬೋಲ್ಯಾ’ ಅನ್ನುತ್ತೇವೆ. ನಮ್ಮ ‘ಅಂತ’ ಎಲ್ಲಿ ಕೂರುತ್ತದೋ ಅಲ್ಲೇ ‘ಬೋಲ್ಕೆ’ ಕೂರುತ್ತದೆ. ಐನೂರು ಆರುನೂರು ವರ್ಷ ಅಕ್ಕಪಕ್ಕ ಬದುಕಿದರೆ ಭಾಷೆಗಳು ಹೀಗೇ ಆಗುತ್ತವೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪದ ಇದೆ: ‘ಕತೆ’. ನಾಳೆ ಹಬ್ಬ ಅಂತೆ ಅನ್ನುವುದಕ್ಕೆ ‘ಕಲ್ ಈದ್ ಹೈ ಕತೆ’. ನಾನು ಕಣ್ಣಾರೆ ಕಂಡದ್ದಲ್ಲ, ಯಾರೋ ಹೇಳಿದ್ದು ಅಂತ ವಾಕ್ಯದ ಬಾಲಕ್ಕೆ ಒಂದು ಗಂಟು. ದೆಹಲಿ ಉರ್ದುವಿನಲ್ಲಿ ಹೀಗೆ ಬಾಲಕ್ಕೆ ಅಂಟಿಸುವ ಪದ ಇಲ್ಲ. ಅವರು ‘ಸುನಾ ಹೈ ಕೆ’ ಅಂತ ಮೊದಲೇ ಶುರು ಮಾಡಬೇಕು. ನಮ್ಮ ‘ಅಂತೆ’ಯನ್ನು ನೋಡಿ ದಖ್ಖನಿ ‘ಕತೆ’ ಮಾಡಿಕೊಂಡಿದೆ.

ನನ್ನ ನಾನಿ, ಅಂದರೆ ಅಮ್ಮನ ಅಮ್ಮ, ಧರ್ಮದ ವಿಷಯವನ್ನೆಲ್ಲ ‘ಕತೆ’ಯಲ್ಲೇ ಹೇಳುತ್ತಿದ್ದಳು. ನಬಿ ಸಾಹೇಬರ (ಪ್ರವಾದಿ ಮುಹಮ್ಮದರ) ಅಂಗಿಯ ತೋಳಿನ ಮೇಲೆ ಬೆಕ್ಕು ಮಲಗಿತ್ತು ಕತೆ. ನಮಾಜಿನ ಹೊತ್ತಾಯಿತು ಕತೆ. ಬೆಕ್ಕಿಗೆ ಎಚ್ಚರ ಆಗಬಾರದು ಅಂತ ತೋಳನ್ನೇ ಕತ್ತರಿಸಿ ಎದ್ದು ಹೋದರು ಕತೆ. ಚಿಕ್ಕವಳಿದ್ದಾಗ ನನ್ನ ತಲೆಯಲ್ಲಿ ದಖ್ಖನಿಯ ‘ಕತೆ’ಗೂ ಕನ್ನಡದ ಕತೆಗೂ ವ್ಯತ್ಯಾಸವೇ ಇರಲಿಲ್ಲ. ಅವಳು ಕತೆ ಹೇಳುತ್ತಿದ್ದಾಳೆ, ನಡುನಡುವೆ ‘ಇದು ಕತೆ’ ಅಂತ ನೆನಪಿಸುತ್ತಲೂ ಇದ್ದಾಳೆ ಅಂದುಕೊಂಡಿದ್ದೆ. ಈಗಲೂ ಆ ತಪ್ಪು ತಿಳಿವಳಿಕೆಯನ್ನು ಪೂರ್ತಿ ಬಿಡಲು ಮನಸ್ಸಿಲ್ಲ.

ನಾನಿಗೆ ಓದು ಬರುತ್ತಿರಲಿಲ್ಲ. ಚರಕದ ಮುಂದೆ ಕೂತೇ ಜೀವ ಸವೆಸಿದಳು. ಬಿಜಾಪುರದ ಕಡೆಯ ಸೂಫಿಗಳು ಹಿಂದೆ ಹೆಂಗಸರು ಬೀಸುವಾಗ, ನೂಲುವಾಗ ಹಾಡಿಕೊಳ್ಳಲಿ ಅಂತ ದಖ್ಖನಿಯಲ್ಲಿ ಪದ ಕಟ್ಟುತ್ತಿದ್ದರು. ಚಕ್ಕಿನಾಮಾ, ಚರಖಾನಾಮಾ ಅಂತ ಅವಕ್ಕೆ ಹೆಸರು. ಕೈಗೆ ಕೆಲಸ, ಕಿವಿಗೆ ದೀನು, ಅಂದರೆ ಧರ್ಮ. ಹಾಗಾಗಿ ಶೆಡ್ಡಿನಲ್ಲಿ ಫೋನ್ ನೇತುಹಾಕಿದ ಹುಡುಗನನ್ನು ನೋಡಿ ‘ಅಯ್ಯೋ ಕಾಲ ಕೆಟ್ಟಿತು’ ಅಂತ ನಾನು ಹೇಳುವ ಹಾಗಿಲ್ಲ. ಆ ಪದ ಮಾತ್ರ ಬೀಸುವವಳ ಬಾಯಿ ಮಾತಿನಲ್ಲೇ ಇತ್ತು. ಅವಳೇ ಹಾಡಬೇಕಿತ್ತು, ತಪ್ಪಿದರೆ ಪಕ್ಕದವಳು ತಿದ್ದಬೇಕಿತ್ತು.

ಈಗ ಪದಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ನಮಾಜ್, ರೋಜಾ, ಖುದಾ, ಫರಿಷ್ತಾ ಅನ್ನುತ್ತಿದ್ದೆವು. ಎಲ್ಲ ಫಾರಸಿ ಪದಗಳು. ಅಣ್ಣನ ಮಕ್ಕಳು ಸಲಾಹ್, ಸೌಮ್ ಅನ್ನುತ್ತಾರೆ. ಉಪವಾಸಕ್ಕೆ ಮುಂಚೆ ಬೆಳಗಿನ ಜಾವ ಮಾಡುವ ಊಟಕ್ಕೆ ಸೆಹ್ರಿ ಹೋಗಿ ಸುಹೂರ್ ಬಂದಿದೆ. ರಂಜಾನ್ ರಮದಾನ್ ಆಗಿದೆ. ಇದರ ಹಿಂದೆ ಒಂದು ಅಕ್ಷರ ಇದೆ. ಅರಬ್ಬಿಯ ‘ದ್ವಾದ್’ ಅಕ್ಷರವನ್ನು ಫಾರಸಿಯವರು, ಅವರಿಂದ ನಾವು, ‘ಝ’ ಅಂತ ಉಚ್ಚರಿಸಿದೆವು. ಅರಬರ ಬಾಯಲ್ಲಿ ಅದು ದಪ್ಪನೆಯ ‘ದ’. ಅಂದರೆ ನೂರಾರು ವರ್ಷ ನಮ್ಮವರು ರಂಜಾನ್ ಅಂದದ್ದು ಅಜ್ಞಾನದಿಂದಲ್ಲ, ನಾಲಿಗೆಯ ದಾರಿ ಹಾಗಿತ್ತು. ಕನ್ನಡ ಪೇಪರುಗಳೂ ಇವತ್ತಿಗೂ ರಂಜಾನ್ ಅಂತಲೇ ಬರೆಯುತ್ತವೆ.

ಬೀಳ್ಕೊಡುವಾಗ ಹೇಳುವ ‘ಖುದಾ ಹಾಫಿಜ್’ ಹೋಗಿದ್ದು ಮಾತ್ರ ಫೋನಿನಿಂದಲ್ಲ. ನಾನು ಕಾಲೇಜಿಗೆ ಹೋಗುವ ಹೊತ್ತಿಗೇ ‘ಅಲ್ಲಾಹ್ ಹಾಫಿಜ್’ ಬಂದಾಗಿತ್ತು. ಆಗ ಕ್ಯಾಸೆಟ್ಟುಗಳಿದ್ದವು, ಆಮೇಲೆ ಟಿವಿ ಬಂತು. ಕೊಲ್ಲಿಯಿಂದ ರಜೆಗೆ ಬಂದ ಮಾಮೂಗಳೂ ಪದ ತರುತ್ತಿದ್ದರು, ಖರ್ಜೂರದ ಜೊತೆ. 2016ರಲ್ಲಿ ಜಿಯೋ ಬಂದ ಮೇಲೆ ವೇಗ ಬದಲಾಯಿತು. ಕೊಲ್ಲಿಗೆ ಹೋಗದವರ ಮನೆಗೂ ಕೊಲ್ಲಿ ಬಂತು, ಖರ್ಜೂರ ಇಲ್ಲದೆ.

ಒಂದು ದಿನ ತರಗತಿಯಲ್ಲಿ ಪ್ರಬಂಧ ಬರೆಸುತ್ತಿದ್ದೆ. ನಿಮ್ಮ ಮನೆಯ ಹಬ್ಬ ಅಂತ ವಿಷಯ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು. ಹತ್ತಿರ ಹೋದೆ. ‘ಮಿಸ್, ದೇವರು ಅಂತ ಬರೀಬಹುದಾ? ಅಲ್ಲಾಹ್ ಅಂತಲೇ ಬರೀಬೇಕಾ?’ ಅಂತ ಮೆಲ್ಲಗೆ ಕೇಳಿದಳು. ಬೇರೆ ಪದ ಬಳಸಿದರೆ ಗುನಾಹ್, ಅಂದರೆ ಪಾಪ, ಅಂತ ಒಂದು ವಿಡಿಯೋದಲ್ಲಿ ಕೇಳಿದ್ದಳಂತೆ. ನನ್ನ ಕಾಲದಲ್ಲಿ ನಾವು ‘ಉಪವಾಸ’, ‘ದೇವರು’, ‘ಪ್ರಾರ್ಥನೆ’ ಅಂತ ಬರೆದು ಹತ್ತಕ್ಕೆ ಏಳು ತೆಗೆದುಕೊಂಡು ಮನೆಗೆ ಹೋಗುತ್ತಿದ್ದೆವು. ಯಾವ ಮೌಲ್ವಿಯೂ ನಮ್ಮ ನೋಟ್‌ಬುಕ್ ನೋಡಿರಲಿಲ್ಲ. ‘ನಿನಗೆ ಯಾವುದು ಬರುತ್ತೋ ಬರಿ’ ಅಂದೆ. ಅವಳು ‘ಅಲ್ಲಾಹ್ ದೇವರು’ ಅಂತ ಎರಡೂ ಬರೆದಳು. ನಾನು ತಿದ್ದಲಿಲ್ಲ.

ಇಲ್ಲಿ ನನ್ನದೇ ಒಂದು ಗುಟ್ಟು ಹೇಳಬೇಕು. ನಾನು ಹತ್ತು ವರ್ಷಕ್ಕೇ ಕುರ್‌ಆನ್ ಖತಮ್ ಮಾಡಿದವಳು. ಬೀದಿ ಕೊನೆಯ ಆಪಾ ಮನೆಯಲ್ಲಿ ಅಲಿಫ್ ಬೇ ಇಂದ ಶುರು ಮಾಡಿ ಪೂರ್ತಿ ಓದಿ, ಮನೆಯವರು ಲಾಡು ಹಂಚಿದ್ದರು. ಒಂದು ಸಾಲಿನ ಅರ್ಥವೂ ಗೊತ್ತಿರಲಿಲ್ಲ. ಅರ್ಥ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ, ಮಂಗಳೂರಿನ ಶಾಂತಿ ಪ್ರಕಾಶನದವರು ತಂದ ಕನ್ನಡ ಅನುವಾದ ಓದಿದಾಗ. ನನಗೆ ನನ್ನ ಧರ್ಮದ ಅರ್ಥ ಕನ್ನಡದಲ್ಲಿ ಬಂತು. ಅಣ್ಣನ ಮಗಳಿಗೆ ಅದು ಇಂಗ್ಲಿಷಿನಲ್ಲಿ ಬಂದಿದೆ, ಹದಿನೇಳಕ್ಕೇ ಬಂದಿದೆ. ಯಾವುದು ಮೇಲು ಅಂತ ಹೇಳುವುದಕ್ಕೆ ನಾನ್ಯಾರು?

ಕನ್ನಡದ ಧಾರ್ಮಿಕ ವಿಡಿಯೋಗಳೂ ಇವೆ, ಇಲ್ಲ ಅಂತಲ್ಲ. ಹೆಚ್ಚಿನವು ಕರಾವಳಿಯವು, ಬ್ಯಾರಿ ಮಾತಾಡುವವರದು. ‘ಸತ್ಯವಿಶ್ವಾಸಿಗಳೇ’ ಅಂತ ಶುರು ಮಾಡಿ ‘ಪ್ರವಾದಿವರ್ಯರು’ ಅನ್ನುತ್ತಾರೆ. ಕಲ್ಲಿನಲ್ಲಿ ಕೊರೆದಂಥ ಕನ್ನಡ. ಹುಡುಗನಿಗೆ ಕೇಳಿಸಿದೆ. ‘ಫುಪ್ಪು, ನ್ಯೂಸ್ ಓದ್ತಾ ಇದ್ದಾರಾ?’ ಅಂದ. ನಮ್ಮ ಬಯಲುಸೀಮೆಯ ಮಸೀದಿಗಳಲ್ಲಿ ಬಯಾನು, ಅಂದರೆ ಪ್ರವಚನ, ಉರ್ದುವಿನಲ್ಲೇ. ಬಸ್ ಸ್ಟ್ಯಾಂಡಿನಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಮಿಂಬರಿನ ಮೇಲೆ ಉರ್ದು. ಶಿಡ್ಲಘಟ್ಟದ ಕನ್ನಡದಲ್ಲಿ, ಮಾರ್ಕೆಟ್ಟಿನ ಕನ್ನಡದಲ್ಲಿ ದೇವರ ಬಗ್ಗೆ ಮಾತಾಡುವ ಒಬ್ಬನೇ ಒಬ್ಬ ಮೌಲಾನಾ ಅವನ ಫೋನಿನಲ್ಲಿ ನನಗೆ ಸಿಗಲಿಲ್ಲ.

ಆ ಅಭಾವ ಎಷ್ಟು ದೊಡ್ಡದು ಅಂತ ತಿಳಿದಿದ್ದು ಮುರುಗಮಲೆ ವಿಷಯದಲ್ಲಿ. ಚಿಂತಾಮಣಿ ತಾಲ್ಲೂಕಿನ ಅಮ್ಮಾಜಾನ್ ಬಾವಾಜಾನ್ ದರ್ಗಾ ಈ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಹಿಂದೂಗಳೂ ಬರುತ್ತಾರೆ. ಮನಸ್ಸು ಸರಿಯಿಲ್ಲದವರನ್ನು ಕರೆತಂದು ವಾರಗಟ್ಟಲೆ ಇರಿಸಿಕೊಂಡು ಕೂರುವವರೂ ಉಂಟು. ನಮ್ಮ ಅಮ್ಮ ವರ್ಷಕ್ಕೊಂದು ಸಲ ಹೋಗಿ ಬರುತ್ತಾಳೆ. ಹೋದ ವರ್ಷ ಹೊರಟು ನಿಂತಾಗ ಮೊಮ್ಮಗ ಬಾಗಿಲಲ್ಲಿ ಅಡ್ಡ ನಿಂತ. ‘ದಾದಿ, ಅದು ಶಿರ್ಕ್.’

ಅಮ್ಮ ಬ್ಯಾಗು ಕೆಳಗಿಟ್ಟಳು. ‘ಶಿರ್ಕ್ ಬೋಲೆತೊ ಕ್ಯಾ?’ ಅಂತ ಕೇಳಿದಳು. ಶಿರ್ಕ್ ಅಂದರೆ ಏನು?

ಹುಡುಗ ಬಾಯಿ ತೆರೆದ. ಬರಲಿಲ್ಲ. ಅಲ್ಲಾಹನಿಗೆ ಇನ್ನೊಬ್ಬರನ್ನು ಸಮ ಮಾಡುವುದು ಅಂತ ಅವನಿಗೆ ಆ ಪದದ ಅರ್ಥ ಗೊತ್ತಿತ್ತು, ಇಂಗ್ಲಿಷಿನಲ್ಲಿ ಗೊತ್ತಿತ್ತು. ದಖ್ಖನಿಯಲ್ಲಿ ಹೇಗೆ ಹೇಳುವುದು? ‘ಅಲ್ಲಾಹ್ ಕೆ ಸಾತ್… ಪಾರ್ಟ್‌ನರ್…’ ಅಂದ.

‘ಪಾರ್ಟ್‌ನರ್?’ ಅಮ್ಮನಿಗೆ ಗೊತ್ತಿರುವ ಪಾರ್ಟ್‌ನರ್ ಅಂದರೆ ಗೂಡಿನ ವ್ಯಾಪಾರದಲ್ಲಿ ಅಬ್ಬಾನಿಗೆ ಕೈಕೊಟ್ಟು ಹೋದವನು. ‘ಅಲ್ಲಾ ಮಿಯಾಂಗೆ ಪಾರ್ಟ್‌ನರ್ ಯಾಕೋ ಬೇಕು? ನಾನು ಯಾರನ್ನ ಸೇರಿಸಿದೆ? ನಿಮ್ಮಪ್ಪನಿಗೆ ಟೈಫಾಯ್ಡ್ ಬಂದಾಗ ಅಲ್ಲಿ ಕೂತು ಅಲ್ಲಾ ಮಿಯಾಂನನ್ನೇ ಕೇಳಿದ್ದು. ಜಾಗ ಅಷ್ಟೇ ಅವರದು.’

ಈ ಜಗಳ ಹೊಸದಲ್ಲ. ದರ್ಗಾಕ್ಕೆ ಹೋಗುವವರು, ಹೋಗದವರು ಅಂತ ನಮ್ಮಲ್ಲಿ ಎರಡು ಪಂಗಡ ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಇವೆ. ಬರೇಲಿ, ದೇವಬಂದ್ ಅಂತ ಉತ್ತರದ ಎರಡು ಊರಿನ ಹೆಸರಲ್ಲಿ ನಮ್ಮೂರ ಜನ ಮಾತು ಬಿಟ್ಟಿದ್ದಾರೆ. ನನ್ನ ದೊಡ್ಡ ಮಾಮೂ, ಸತ್ತವರ ಹೆಸರಲ್ಲಿ ಮಾಡುವ ಫಾತಿಹಾ ಊಟಕ್ಕೆ ಬರುತ್ತಿರಲಿಲ್ಲ. ಆದರೆ ಮಾರನೇ ದಿನ ಬಂದು ‘ಖೀರು ಉಳಿದಿದೆಯಾ?’ ಅಂತ ಕೇಳುತ್ತಿದ್ದರು. ಮಾಮೂಗೆ ಅಮ್ಮನ ಮುಖ ಗೊತ್ತಿತ್ತು, ಅಮ್ಮನಿಗೆ ಮಾಮೂ ಸ್ವಭಾವ ಗೊತ್ತಿತ್ತು. ಹುಡುಗನ ಫೋನಿನಲ್ಲಿ ಇದನ್ನು ಹೇಳಿದವನಿಗೆ ಅಮ್ಮ ಯಾರೋ, ಮುರುಗಮಲೆ ಎಲ್ಲೋ. ಆ ದಿನ ಅಮ್ಮ ಹೋಗಲಿಲ್ಲ. ಮುಂದಿನ ವಾರ ನನ್ನ ಜೊತೆ ಹೋದಳು. ಮೊಮ್ಮಗನಿಗೆ ಹೇಳಬೇಡ ಅಂದಳು. ಎಪ್ಪತ್ತು ವರ್ಷದವಳು ಇಪ್ಪತ್ತರವನಿಗೆ ಹೆದರಿದ್ದು ನನಗೆ ಇವತ್ತಿಗೂ ಸರಿಬಂದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೇ ರೀಲ್ ಬಿಟ್ಟಂತೆ. ಇನ್ನೊಂದು ಮಗ್ಗುಲೂ ಇದೆ.

ಅಣ್ಣನ ಮಗಳದು ಬೇರೆಯೇ ದಾರಿ. ನಮ್ಮ ಕಡೆಯ ಮಸೀದಿಗಳಲ್ಲಿ ಹೆಂಗಸರಿಗೆ ಜಾಗ ಇಲ್ಲದಿರುವುದೇ ಹೆಚ್ಚು. ನಮಗೆ ದೀನು ಬಂದಿದ್ದು ಅಡುಗೆಮನೆಯಿಂದ. ತಿಂಗಳ ದಿನಗಳಲ್ಲಿ ಏನು ಓದಬಹುದು, ಏನು ಓದಬಾರದು, ಸ್ನಾನದ ಲೆಕ್ಕ ಹೇಗೆ, ಇಂಥದ್ದನ್ನು ಯಾರನ್ನು ಕೇಳುವುದು? ಅಮ್ಮನಿಗೆ ನಾಚಿಕೆ. ಆಪಾ ಗದರುತ್ತಿದ್ದಳು. ಹಜ್ರತ್ತರ, ಅಂದರೆ ಮಸೀದಿಯಲ್ಲಿ ನಮಾಜು ಮಾಡಿಸುವ ಪೇಶ್ ಇಮಾಮರ, ಹತ್ತಿರ ಹೋಗುವ ಮಾತೇ ಇಲ್ಲ. ನಾನು ಎಷ್ಟೋ ವರ್ಷ ತಪ್ಪು ತಿಳಿದುಕೊಂಡೇ ಇದ್ದೆ. ಈ ಹುಡುಗಿ ಓದಿದ ಹೆಂಗಸರ ಪಾಠಗಳನ್ನು ಫೋನಿನಲ್ಲಿ ಹುಡುಕಿ ಕೇಳಿದಳು, ನೋಟ್ಸ್ ಮಾಡಿಕೊಂಡಳು, ನನ್ನನ್ನೂ ತಿದ್ದಿದಳು. 2020ರ ಲಾಕ್‌ಡೌನಿನಲ್ಲಿ ಮಸೀದಿ ಬಾಗಿಲು ಮುಚ್ಚಿ ರಂಜಾನ್ ಪೂರ್ತಿ ಮನೆಯಲ್ಲೇ ಆಯಿತಲ್ಲ, ಆಗ ಗಂಡಸರಿಗೆ ಹೊಸದಾಗಿ ಬಂದ ಸ್ಥಿತಿ ನಮಗೆ ಯಾವಾಗಲೂ ಇದ್ದದ್ದೇ. ಆ ತಿಂಗಳು ಅವಳು ಅಪ್ಪನಿಗೇ ತರಾವೀಹ್, ಅಂದರೆ ರಂಜಾನಿನ ರಾತ್ರಿ ನಮಾಜಿನ, ಲೆಕ್ಕ ಹೇಳಿದಳು.

ನಾನು ಮರ್ಯಾದೆ ಕಳೆದುಕೊಂಡ ಪ್ರಸಂಗವೂ ಇದೆ. ಕೆಲವು ವರ್ಷದ ಹಿಂದೆ ‘ರಂಜಾನ್ ಬರುವ ಸುದ್ದಿಯನ್ನು ಯಾರು ಮೊದಲು ತಿಳಿಸುತ್ತಾರೋ ಅವರಿಗೆ ನರಕದ ಬೆಂಕಿ ಹರಾಂ’ ಅನ್ನುವ ಹದೀಸನ್ನು, ಅಂದರೆ ನಬಿಯವರ ಮಾತು ಅಂತ ಬಂದದ್ದನ್ನು, ನಾನೇ ವಾಟ್ಸಾಪಿನಲ್ಲಿ ನಲವತ್ತು ಜನಕ್ಕೆ ಕಳಿಸಿದೆ. ಐದು ನಿಮಿಷದಲ್ಲಿ ಅವಳ ಉತ್ತರ: ‘ಫುಪ್ಪು, ಇದು ಕಟ್ಟಿದ್ದು. ಯಾವ ಗ್ರಂಥದಲ್ಲೂ ಇಲ್ಲ.’ ಜೊತೆಗೆ ಸಹೀಹ್ ಮುಸ್ಲಿಂ ಅನ್ನುವ ಹದೀಸ್ ಸಂಗ್ರಹದಿಂದ ಒಂದು ಹದೀಸ್ ಕಳಿಸಿದ್ದಳು. ಕೇಳಿದ್ದನ್ನೆಲ್ಲ ಹೇಳುತ್ತಾ ಹೋದರೆ ಒಬ್ಬ ಮನುಷ್ಯ ಸುಳ್ಳುಗಾರನಾಗಲು ಅಷ್ಟೇ ಸಾಕು ಅಂತ ಅದರ ಅರ್ಥ. ಕೆನ್ನೆಗೆ ಹೊಡೆದ ಹಾಗಾಯಿತು. ಆದರೂ ಒಳಗೊಳಗೇ ಹೆಮ್ಮೆ.

ಸುಳ್ಳು ಹಂಚುವುದನ್ನು ಫೋನ್ ಕಲಿಸಿತು ಅನ್ನುವವರು ಮದೀನಾದ ಶೇಖ್ ಅಹ್ಮದ್ ಕಾಗದ ಮರೆತಿದ್ದಾರೆ. ನಬಿಯವರ ಗೋರಿ ಕಾಯುವ ಶೇಖ್ ಅಹ್ಮದನಿಗೆ ಕನಸು ಬಿತ್ತು, ಇದನ್ನು ಇಷ್ಟು ಪ್ರತಿ ಮಾಡಿ ಹಂಚಿದವನಿಗೆ ಲಾಭ, ಹರಿದವನಿಗೆ ಮಗ ಸತ್ತ. ನೂರು ವರ್ಷಕ್ಕೂ ಹಳೆಯ ಕಾಗದ ಅದು, ಊರೂರು ಸುತ್ತಿದೆ. ಅಬ್ಬಾ ಹೆದರಿ ಜೆರಾಕ್ಸ್ ಮಾಡಿಸಿದ್ದರು. ನನ್ನ ಜೊತೆ ಕೆಲಸ ಮಾಡುವ ಟೀಚರೊಬ್ಬರು ಅವರ ಮನೆಗೆ ಬರುತ್ತಿದ್ದ ದೇವರ ಪೋಸ್ಟ್‌ಕಾರ್ಡಿನ ವಿಷಯ ಹೇಳಿದರು, ಅಕ್ಷರ ಅಕ್ಷರ ಅದೇ. ಈಗ ಅವರ ಮಗ ರೀಲ್ಸ್ ನೋಡಿ, ಅಮ್ಮ ಮಾಡುವ ಗೌರಿ ವ್ರತ ಶಾಸ್ತ್ರದ ಪ್ರಕಾರ ಇಲ್ಲ ಅಂತ ತಿದ್ದುತ್ತಾನಂತೆ. ಇಬ್ಬರೂ ಸ್ಟಾಫ್ ರೂಮಿನಲ್ಲಿ ಟಿಫಿನ್ ಬಾಕ್ಸ್ ತೆಗೆದುಕೊಂಡು ನಕ್ಕೆವು. ಪೂರ್ತಿ ನಗುವಲ್ಲ ಅದು.

ಹೊರಗಿನ ಗಾಳಿಯನ್ನೂ ಹೇಳದೆ ಇರಲಾಗದು. 2022ರ ಶುರುವಿನಲ್ಲಿ ಹಿಜಾಬ್ ಗಲಾಟೆ ಆದಾಗ, ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂದಾಗ, ನಮ್ಮ ಹುಡುಗಿಯರ ಮುಖ ನೋಡಿದವರಿಗೆ ಗೊತ್ತು. ಪಕ್ಕದ ಬೆಂಚಿನವರು ಮಾತಾಡಿಸದೆ ಇದ್ದಾಗ ಫೋನಿನೊಳಗೆ ಯಾರೋ ‘ಸಿಸ್ಟರ್’ ಅಂದರೆ ಮನಸ್ಸು ಅಲ್ಲಿಗೇ ಹೋಗುತ್ತದೆ. ಆ ಮಾತು ಬರ್ಮಿಂಗ್‌ಹ್ಯಾಮಿನದೋ ಕರಾಚಿಯದೋ, ಯಾರು ನೋಡುತ್ತಾರೆ?

ಹಾಗಾದರೆ ನನ್ನ ತಕರಾರು ಏನು? ಅಸರ್, ಅಂದರೆ ಮಧ್ಯಾಹ್ನದ ಮೇಲಿನ ನಮಾಜಿನ ಪ್ರಸಂಗ ಹೇಳಿದರೆ ತಿಳಿಯಬಹುದು.

ಹುಡುಗ ಹೊಸದಾಗಿ ನಮಾಜಿನ ಆ್ಯಪ್ ಹಾಕಿಕೊಂಡ. ಮಧ್ಯಾಹ್ನದ ಮೇಲೆ ಅದು ಅಜಾನ್ ಕೂಗಿತು. ಮಸೀದಿಯಲ್ಲಿ ಇನ್ನೂ ಸದ್ದಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಮಸೀದಿಯಲ್ಲಿ ಕೂಗಿದರು. ಎರಡು ಮೂರು ದಿನ ಹೀಗೇ. ‘ನಮ್ಮ ಮಸೀದಿಯವರು ಲೇಟು, ವಕ್ತಿನಲ್ಲಿ ಓದೋದಿಲ್ಲ’ ಅಂತ ಸ್ನೇಹಿತರಿಗೆಲ್ಲ ಹೇಳಿದ. ಆಮೇಲೆ ಸೀದಾ ಹಜ್ರತ್ತರನ್ನೇ ಕೇಳಿದ. 

ಮುಂದಿನದು ಅಣ್ಣ ಹೇಳಿದ್ದು, ಮಸೀದಿ ಅಂಗಳಕ್ಕೆ ನಾನು ಹೋಗಿರಲಿಲ್ಲ. ಹಜ್ರತ್ ಬೈಯಲಿಲ್ಲವಂತೆ. ಒಂದು ಕೋಲು ತಂದು ಅಂಗಳದಲ್ಲಿ ನೆಟ್ಟರಂತೆ. ನಡುಮಧ್ಯಾಹ್ನದ ನೆರಳಿಗೆ ಸುಣ್ಣದಲ್ಲಿ ಗೆರೆ ಎಳೆದು ಅದನ್ನು ಲೆಕ್ಕದಿಂದ ಬಿಟ್ಟರಂತೆ. ಉಳಿದ ನೆರಳು ಕೋಲಿನಷ್ಟೇ ಉದ್ದ ಆದಾಗ ಹುಡುಗನ ಫೋನು ಕೂಗಿತು. ‘ಸರಿ. ಶಾಫಿಈ ಇಮಾಮರ ಲೆಕ್ಕದಲ್ಲಿ ಅಸರ್ ಈಗಲೇ. ಮಂಗಳೂರಿನ ಬ್ಯಾರಿಗಳು ಹೀಗೇ ಓದುತ್ತಾರೆ. ತಪ್ಪಿಲ್ಲ’ ಅಂದರಂತೆ. ಕೂರಿಸಿಕೊಂಡು ಚಹಾ ತರಿಸಿದರಂತೆ. ನೆರಳು ಕೋಲಿನ ಎರಡರಷ್ಟು ಆಗುವವರೆಗೆ ಕಾಯಿಸಿ, ‘ಇಮಾಮ್ ಅಬೂ ಹನೀಫಾ ಲೆಕ್ಕ ಇದು. ನಾವು ಈ ಕಡೆಯವರು ಹನಫಿಗಳು. ಇದೂ ಸರಿ. ವಲ್ಲಾಹು ಆಲಮ್’ ಅಂದರಂತೆ.

ವಲ್ಲಾಹು ಆಲಮ್. ಅಲ್ಲಾಹನಿಗೇ ಚೆನ್ನಾಗಿ ಗೊತ್ತು. ಹಳೆಯ ಕಾಲದಿಂದ ಮುಫ್ತಿಗಳು ಫತ್ವಾ ಬ‍ರೆದು ಕೊನೆಯಲ್ಲಿ ಈ ಮಾತು ಹಾಕಿಯೇ ಸಹಿ ಮಾಡುವುದು. ನನಗೆ ತಿಳಿದದ್ದು ಇಷ್ಟು, ಇದರಾಚೆ ಅವನಿಗೆ ಬಿಟ್ಟದ್ದು ಅಂತ. ಒಂದು ಗಂಟೆಯ ಬಯಾನಿನಲ್ಲೂ ಈ ಮಾತು ಕೊನೆಗೇ ಬರುತ್ತದೆ. ಆ ಬಯಾನನ್ನು ಮೂವತ್ತು ಸೆಕೆಂಡಿಗೆ ಕತ್ತರಿಸುವವನು ಏನನ್ನು ಬಿಡುತ್ತಾನೆ? ಕೊನೆಯನ್ನೇ. ನಡುವಿನ ಖಾರದ ಮಾತು ಉಳಿಯುತ್ತದೆ. ನಾನು ಬೇಕಂತಲೇ ಲೆಕ್ಕ ಇಟ್ಟೆ. ಹುಡುಗನ ಫೋನಿನಲ್ಲಿ ಒಂದು ಸಂಜೆ ಇಪ್ಪತ್ತು ಧಾರ್ಮಿಕ ರೀಲ್ ನೋಡಿದೆವು. ಒಂದರಲ್ಲೂ ವಲ್ಲಾಹು ಆಲಮ್ ಇರಲಿಲ್ಲ.

ನಾನಿಯ ‘ಕತೆ’ಯೂ ಅಲ್ಲೇ ಬಿದ್ದುಹೋಯಿತು. ಅವಳ ಬೆಕ್ಕಿನ ಕತೆಗೆ ಸನದ್ ಇಲ್ಲ, ಅಂದರೆ ಯಾರಿಂದ ಯಾರು ಕೇಳಿದರು ಅನ್ನುವ ಸರಪಳಿ ಇಲ್ಲ. ಅಣ್ಣನ ಮಗಳೇ ಹುಡುಕಿ ಹೇಳಿದಳು. ಒಪ್ಪಿದೆ. ನಾನಿಯೂ ಅದನ್ನು ಸತ್ಯ ಅಂತ ಸಾಧಿಸಿರಲಿಲ್ಲ, ‘ಕತೆ’ ಅಂತ ಸೇರಿಸಿಯೇ ಹೇಳಿದ್ದಳು. ಹದೀಸಿನ ವಿದ್ಯೆ ಪೂರ್ತಿ ನಿಂತಿರುವುದೇ ಇದರ ಮೇಲೆ ಅಲ್ವಾ? ಇವರು ಹೇಳಿದ್ದು, ಅವರಿಂದ ಕೇಳಿದ್ದು, ಅವರು ಇಂಥವರಿಂದ ಕೇಳಿದ್ದು. ಇಮಾಮ್ ಬುಖಾರಿ ಆರು ಲಕ್ಷ ಹದೀಸ್ ಕಲೆಹಾಕಿ ಏಳು ಸಾವಿರ ಚಿಲ್ಲರೆ ಉಳಿಸಿಕೊಂಡರಂತೆ, ಅದರಲ್ಲೂ ಮತ್ತೆ ಮತ್ತೆ ಬಂದವು ಸೇರಿ. ಅಷ್ಟು ದೊಡ್ಡ ಜರಡಿ ಹಿಡಿದದ್ದು ‘ಅಂತೆ’ಯ ಬೆನ್ನು ಹತ್ತಿಯೇ.

ಬೆಕ್ಕಿನ ವಿಷಯದಲ್ಲಿ ಅವಳ ಫೋನು ಮೊದಲು ತಂದುಕೊಟ್ಟ ಸಹೀಹ್, ಅಂದರೆ ಖಚಿತ ಅಂತ ಒಪ್ಪಿದ, ಹದೀಸ್ ಬೇರೆ. ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿಗೆ ನರಕ. ಬಾಯಾರಿದ ನಾಯಿಗೆ ಬೂಟಿನಲ್ಲಿ ನೀರು ಮೊಗೆದು ಕೊಟ್ಟವನಿಗೆ ಮಾಫಿ ಸಿಕ್ಕಿತು ಅನ್ನುವುದೂ ಸಹೀಹ್ ಹದೀಸೇ, ಅದೂ ಬುಖಾರಿಯಲ್ಲೇ ಇದೆ. ಎರಡೂ ಇವೆ. ಭಯದ್ದು ಮೊದಲು ಬಂತು. ಭಯದ್ದನ್ನು ಜನ ಪೂರ್ತಿ ನೋಡುತ್ತಾರೆ ಅಂತ ಫೋನಿಗೆ ಗೊತ್ತಿರಬೇಕು.

ಹುಡುಗ ಆ್ಯಪಿನ ಸೆಟ್ಟಿಂಗಿಗೆ ಹೋಗಿ ಹನಫಿ ಅಂತ ಬದಲಾಯಿಸಿಕೊಂಡ. ಅದೊಂದು ಬಟನ್ ಅಲ್ಲಿದೆ ಅಂತಲೇ ಅವನಿಗೆ ಗೊತ್ತಿರಲಿಲ್ಲವಂತೆ. ಶಿರ್ಕ್ ವಿಷಯದಲ್ಲಿ ಮಾತ್ರ ಬದಲಾಗಿಲ್ಲ, ದಾದಿ ಜೊತೆ ಆ ಮಾತು ಎತ್ತುವುದಿಲ್ಲ ಅಷ್ಟೆ. ಮೂಗಿನಿಂದ ತಳ್ಳುವುದೂ ನಿಂತಿಲ್ಲ. ಈಗ ನನಗೂ ರಾತ್ರಿ ಮಲಗುವ ಮುಂಚೆ ಅದೇ ಚಟ. ಹೆಬ್ಬೆರಳಿನಿಂದ ತಳ್ಳುತ್ತೇನೆ, ಅದೊಂದೇ ವ್ಯತ್ಯಾಸ.

ಹೋದ ತಿಂಗಳು ತವರಿನಲ್ಲಿದ್ದೆ. ಸಂಜೆ ಹೊತ್ತು. ಅಮ್ಮನಿಗೂ ಈಗ ಒಂದು ಫೋನ್ ಇದೆ, ಮೊಮ್ಮಗನ ಹಳೆಯದು. ಅದರಲ್ಲಿ ಏನೋ ಕೇಳಿ ಮುಗಿಸಿ ಜಗಲಿಗೆ ಬಂದಳು. ಪಕ್ಕದ ಮನೆಯ ಅಕ್ಕ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ಮೂವತ್ತು ವರ್ಷದ ನೆರೆ.

‘ಏನ್ ಬೂಬಮ್ಮ, ಫೋನ್‌ನಾಗೆ ಏನೋ ಜೋರಾಗಿ ಕೇಳ್ತಿದ್ರಿ?’

‘ಯಾರೋ ಮೌಲಾನಾ ಕಣಮ್ಮಿ. ತಾಯಿ ಕಾಲ ಕೆಳಗೇ ಸ್ವರ್ಗ ಐತಂತೆ.’

‘ನಮ್ಮಾಗೂ ಹಂಗೇ ಅಂತಾರೆ ಬಿಡಿ.’

ಒಳಗಿನಿಂದ ಮೊಮ್ಮಗಳ ದನಿ ಬಂತು. ‘ದಾದಿ, ಆ ಮಾತುಗಳಲ್ಲಿ ಅದು ಜಯೀಫ್, ಸನದ್ ಗಟ್ಟಿ ಇಲ್ಲ. ನಸಾಈ ಹದೀಸ್ ಸಂಗ್ರಹದಲ್ಲಿ ಸ್ವಲ್ಪ ಬೇರೆ ಥರ ಇದೆ. ಒಬ್ಬರು ಯುದ್ಧಕ್ಕೆ ಹೋಗ್ತೀನಿ ಅಂತ ಬಂದಾಗ, ನಿನ್ನ ತಾಯಿ ಹತ್ರಾನೇ ಇರು ಅಂತ ಹೇಳಿದ್ದು.’

ಅಮ್ಮ ಒಂದು ಕ್ಷಣ ಯೋಚಿಸಿದಳು. ಬುಟ್ಟಿಯಿಂದ ಒಂದು ಹಿಡಿ ಕಾಯಿ ಎತ್ತಿಕೊಂಡು ನಾರು ತೆಗೆಯುತ್ತಾ ಪಕ್ಕದ ಮನೆಯವರ ಕಡೆ ತಿರುಗಿದಳು.

‘ಅದು ಸ್ವಲ್ಪ ಬೇರೆ ಥರ ಐತಂತೆ ಕಣಮ್ಮಿ. ಯಾರೋ ಲಡಾಯಿಗೆ ಹೊಂಟಿದ್ನಂತೆ…’